ಸಿಂಥಸೈಜರ್ ಕಂಪ್ಯೂಟರಿಗೆ ಇಳಿದ ಕಾಲ

1999ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿ ಕ್ಯೂಬೇಸ್ ಎಂಬ ತನ್ನ ಸಂಗೀತ ರೆಕಾರ್ಡಿಂಗ್ ಸಾಫ್ಟ್‌ವೇರಿನ 3.7ನೇ ಆವೃತ್ತಿಯನ್ನು ಹೊರತಂದಿತು. ಅದರ ಜೊತೆ ನಿಯಾನ್ ಅನ್ನುವ ಪುಟ್ಟ ಸಿಂಥಸೈಜರ್, ಅಂದರೆ ದನಿಯನ್ನು ತಾನೇ ಹುಟ್ಟಿಸುವ ವಾದ್ಯ, ಒಂದು ಪುಕ್ಕಟೆ ಬಂತು. ಅದರ ದನಿ ಹೇಳಿಕೊಳ್ಳುವಂಥದ್ದೇನಲ್ಲ. ನಾಲ್ಕು ದಿನ ಆಡಿಸಿ ನೋಡಿ ಬಿಟ್ಟುಬಿಡುವಂಥದ್ದು. ಆದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೇ ಕೂತು, ಕೀ ಒತ್ತಿದರೆ ನುಡಿಯುವ ವಿಎಸ್‌ಟಿ ವಾದ್ಯ ಅಂತ ಬಂದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಏಳೆಂಟು ವರ್ಷಗಳಲ್ಲಿ ಇಂಥ ಕೆಲವು ಪ್ಲಗಿನ್‌ಗಳ, ಅಂದರೆ ಬೇರೊಂದು ಸಾಫ್ಟ್‌ವೇರಿನ ಒಳಗೆ ಸಿಕ್ಕಿಸಿ ಬಳಸುವ ಪುಟ್ಟ ಸಾಫ್ಟ್‌ವೇರ್‌ಗಳ, ಹೆಸರುಗಳು ಸಂಗೀತಗಾರರ ಬಾಯಲ್ಲಿ ಕಾಯಂ ಆದವು. ಪ್ರೊ-53, ಬಿ4, ಎಫ್‌ಎಂ7, ಅಬ್‌ಸಿಂತ್, ಎಂ-ಟ್ರಾನ್, ಸಿಂಥ್1. ಇವಿಲ್ಲದೆ ಹಾಡು ಮಾಡೋದಾದರೂ ಹೇಗೆ ಅನ್ನುವಷ್ಟು. ಈಗ ಅವುಗಳಲ್ಲಿ ಹೆಚ್ಚಿನವು ಹೊಸ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಅವು ಯಾವ ಹಳೆಯ ಯಂತ್ರಗಳನ್ನು ನಕಲು ಮಾಡಿದ್ದವೋ, ಆ ಯಂತ್ರಗಳು ಮಾತ್ರ ಇನ್ನೂ ನುಡಿಯುತ್ತಿವೆ.

ಕಂಪ್ಯೂಟರಿನಿಂದ ದನಿ ಹೊರಡಿಸುವುದು ಆಗಲೂ ಹೊಸದಾಗಿರಲಿಲ್ಲ. 1957ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರು ಐಬಿಎಂ 704 ಯಂತ್ರದಲ್ಲಿ 17 ಸೆಕೆಂಡಿನ ಒಂದು ತುಣುಕು ನುಡಿಸಿ ತೋರಿಸಿದ್ದರು. ತೊಂದರೆ ಇದ್ದದ್ದು ವೇಗದಲ್ಲಿ. ಸಿ.ಡಿ. ಗುಣಮಟ್ಟದ ದನಿ ಬೇಕಾದರೆ ಸೆಕೆಂಡಿಗೆ 44,100 ಸಂಖ್ಯೆಗಳನ್ನು ಲೆಕ್ಕ ಹಾಕಬೇಕು. ಅದೂ ಒಂದು ಸ್ವರಕ್ಕೆ. ಐದು ಬೆರಳು ಒಟ್ಟಿಗೆ ಒತ್ತಿದರೆ ಐದು ಪಟ್ಟು. ಎಷ್ಟೋ ವರ್ಷ ಕಂಪ್ಯೂಟರ್ ಈ ಲೆಕ್ಕವನ್ನು ಮೊದಲು ಮುಗಿಸಿ, ಆಮೇಲೆ ಕೇಳಿಸುತ್ತಿತ್ತು. ಬೆರಳು ಒತ್ತಿದ ಕ್ಷಣಕ್ಕೆ ದನಿ ಬರಬೇಕಾದರೆ 1990ರ ದಶಕದ ಪೆಂಟಿಯಂ ಚಿಪ್ ಬರುವ ತನಕ ಕಾಯಬೇಕಾಯಿತು.

ಇಲ್ಲಿ ಡೇವ್ ಸ್ಮಿತ್ ಅವರನ್ನು ನೆನೆಯಲೇಬೇಕು. 1978ರಲ್ಲಿ ಪ್ರಾಫೆಟ್-5 ಮಾಡಿದವರು ಅವರೇ. ಒಟ್ಟಿಗೆ ಐದು ಸ್ವರ ನುಡಿಸಬಲ್ಲ, ಮಾಡಿಟ್ಟ ಸೌಂಡನ್ನು ನೆನಪಿಟ್ಟುಕೊಳ್ಳಬಲ್ಲ ಸಿಂಥಸೈಜರ್ ಅದು. ಬೆಲೆ ಸುಮಾರು 4,000 ಡಾಲರ್. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಿಕೊಳ್ಳಲು 1983ರಲ್ಲಿ ಬಂದ ಮಿಡಿ ವ್ಯವಸ್ಥೆಯ ಹಿಂದೆಯೂ ಅವರ ದೊಡ್ಡ ಪಾಲಿದೆ. ಮುಂದೆ ಅವರು ಸೀರ್ ಸಿಸ್ಟಮ್ಸ್ ಕಂಪನಿ ಸೇರಿ, 1997ರಲ್ಲಿ ವಿಂಡೋಸ್‌ಗೆ ರಿಯಾಲಿಟಿ ಎಂಬ ಸಾಫ್ಟ್‌ವೇರ್ ಸಿಂಥ್ ತಂದರು. ವೃತ್ತಿಪರರು ಗಂಭೀರವಾಗಿ ಬಳಸಬಹುದಾಗಿದ್ದ ಮೊದಲನೆಯ ಕೆಲವುಗಳಲ್ಲಿ ಅದೂ ಒಂದು. ಒಳ್ಳೆಯ ಕೆಲಸವೇ. ಆದರೆ ಕಾಲಕ್ಕಿಂತ ಸ್ವಲ್ಪ ಮುಂಚೆ ಬಂತು, ಹಾಗಾಗಿ ಜಾಸ್ತಿ ದಿನ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಜನರ ಮನಸ್ಸು ಗೆದ್ದದ್ದು ಸ್ಟಾಕ್‌ಹೋಮ್‌ನ ಪ್ರೊಪೆಲರ್‌ಹೆಡ್ ಕಂಪನಿಯ ರೀಬರ್ತ್. ರೋಲ್ಯಾಂಡ್ ಕಂಪನಿಯ ಎರಡು ಟಿಬಿ-303 ಬೇಸ್ ಯಂತ್ರ, ಒಂದು ಟಿಆರ್-808 ಡ್ರಮ್ ಯಂತ್ರ, ಮೂರೂ ಒಂದೇ ಪರದೆಯ ಮೇಲೆ. ಗುಂಡಿ, ದೀಪ ಎಲ್ಲ ಚಿತ್ರದಲ್ಲೇ. ಇದಕ್ಕೆ ಯಾಕಷ್ಟು ಬೇಡಿಕೆ ಅಂದರೆ, 303ರ ಕಥೆಯೇ ಹಾಗಿದೆ. 1981ರಲ್ಲಿ ಬೇಸ್ ಗಿಟಾರ್ ನುಡಿಸುವವರ ಬದಲಿಗೆ ಅಂತ ಬಂದ ಆ ಪೆಟ್ಟಿಗೆ ಬೇಸ್ ಗಿಟಾರ್‌ನಂತೆ ಕೇಳುತ್ತಲೇ ಇರಲಿಲ್ಲ. ವ್ಯಾಪಾರ ಬಿದ್ದುಹೋಯಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಅದನ್ನು ಶಿಕಾಗೋದ ಹುಡುಗರು ಹಿಡಿದು, ಗುಂಡಿಗಳನ್ನು ಬೇಕಾಬಿಟ್ಟಿ ತಿರುಗಿಸಿ, ಆಸಿಡ್ ಹೌಸ್ ಎಂಬ ಹೊಸ ಶೈಲಿಯನ್ನೇ ಹುಟ್ಟುಹಾಕಿದರು. ಆಮೇಲೆ ಅದರ ಬೆಲೆ ಏರಿದ್ದೇ ಏರಿದ್ದು. ಅಂದಹಾಗೆ, ಶಿಕಾಗೋಗಿಂತ ಐದು ವರ್ಷ ಮುಂಚೆ, 1982ರಲ್ಲೇ, ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ಇದೇ 303, 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದ್ದರು. ಆಗ ಕೇಳಿದವರು ಕಡಿಮೆ. ಈಗ ಹೊರದೇಶದವರು ಹುಡುಕಿಕೊಂಡು ಕೇಳುತ್ತಾರೆ.

ರೀಬರ್ತ್ ಪ್ಲಗಿನ್ ಅಲ್ಲ, ತನ್ನಷ್ಟಕ್ಕೆ ಓಡುವ ಸಾಫ್ಟ್‌ವೇರ್. ಪ್ಲಗಿನ್ ಲೋಕಕ್ಕೆ ಬಾಗಿಲು ತೆಗೆದದ್ದು ಸ್ಟೈನ್‌ಬರ್ಗ್‌ನ ಒಂದು ನಿರ್ಧಾರ. 1996ರಲ್ಲಿ ಅದು ವಿಎಸ್‌ಟಿ, ಅಂದರೆ ವರ್ಚುವಲ್ ಸ್ಟುಡಿಯೋ ಟೆಕ್ನಾಲಜಿ, ಎಂಬ ಏರ್ಪಾಡು ತಂದಿತು. ಎಕೋ, ರಿವರ್ಬ್‌ನಂಥ ಪರಿಣಾಮಗಳನ್ನು ಕ್ಯೂಬೇಸಿನ ಒಳಗೇ ಸಿಕ್ಕಿಸುವ ವ್ಯವಸ್ಥೆ. ಅದನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಪ್ಲಗಿನ್ ಬರೆಯಲು ಬೇಕಾದ ಕೋಡ್ ಮತ್ತು ವಿವರಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ ಅಂತ ಪುಕ್ಕಟೆ ಕೊಟ್ಟಿತು. 1999ರ ಎರಡನೇ ಆವೃತ್ತಿಯಲ್ಲಿ ಪ್ಲಗಿನ್‌ಗಳು ಮಿಡಿ ಸಂದೇಶವನ್ನೂ ಪಡೆಯುವಂತಾಯಿತು. ಅಂದರೆ ಕೀಬೋರ್ಡಿನಿಂದ ನುಡಿಸಬಹುದಾಯಿತು. ಮನೆಯಲ್ಲಿ ಒಬ್ಬರೇ ಕೂತು ಕೋಡ್ ಬರೆಯುವವರೂ ವಾದ್ಯ ತಯಾರಕರಾದದ್ದು ಇದರಿಂದಲೇ.

ಇನ್ನೊಂದು ಅಡ್ಡಿ ತಡದ್ದು. ಆಗಿನ ವಿಂಡೋಸ್‌ನಲ್ಲಿ ಕೀ ಒತ್ತಿದ ಮೇಲೆ ದನಿ ಕೇಳಲು ಸೆಕೆಂಡಿನ ಕಾಲು ಭಾಗ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಹಾಗೆ ತಾಳ ಹಿಡಿಯೋದು ಸಾಧ್ಯವಾ? ವಿಂಡೋಸ್‌ನ ಸುತ್ತುದಾರಿ ಬಿಟ್ಟು ಸೌಂಡ್ ಕಾರ್ಡಿನ ಜೊತೆ ನೇರವಾಗಿ ವ್ಯವಹರಿಸುವ ಎಎಸ್‌ಐಒ ಎಂಬ ಡ್ರೈವರ್ ವ್ಯವಸ್ಥೆಯನ್ನು ತಂದದ್ದೂ ಸ್ಟೈನ್‌ಬರ್ಗೇ. ಒಳ್ಳೆಯ ಕಾರ್ಡ್ ಇದ್ದರೆ ತಡ ಹತ್ತು ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು. ಎಲ್ಲರೂ ಪ್ಲಗಿನ್‌ಗಳನ್ನು ಹೊಗಳುತ್ತಾರೆ. ನನ್ನ ಪ್ರಕಾರ ಅರ್ಧ ಹೊಗಳಿಕೆ ಈ ಡ್ರೈವರ್‌ಗೆ ಸಲ್ಲಬೇಕು.

ಬರ್ಲಿನ್‌ನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ರಂಗಕ್ಕೆ ಬಂದದ್ದು ಈ ಹೊತ್ತಿನಲ್ಲಿ. 1999ರಲ್ಲಿ ಪ್ರೊ-ಫೈವ್ ಬಂತು, ಆಮೇಲೆ ಪ್ರೊ-52, ಪ್ರೊ-53. ಹೆಸರಲ್ಲೇ ಗೊತ್ತಾಗುತ್ತೆ, ಡೇವ್ ಸ್ಮಿತ್ ಅವರ ಪ್ರಾಫೆಟ್-5ರ ನಕಲು. ಪರದೆಯ ಮೇಲೆ ಅದೇ ಗುಂಡಿಗಳು, ಅದೇ ಮರದ ಪಟ್ಟಿ. ನಿಜವಾದ ಪ್ರಾಫೆಟ್‌ನಂತೆಯೇ ಕೇಳುತ್ತಿತ್ತಾ? ಇಲ್ಲ. ಅದಕ್ಕೆ ಕಾರಣ ಇದೆ. ಇಂಥ ಸಿಂಥ್‌ಗಳು ಬಳಸುವ ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಮೇಲೆ ಮೇಲೆ ಲೆಕ್ಕವಿಲ್ಲದಷ್ಟು ಕಂಪನಗಳಿರುತ್ತವೆ. ಸೆಕೆಂಡಿಗೆ 44,100 ಸಂಖ್ಯೆಗಳಲ್ಲಿ ಹಿಡಿಯಬಹುದಾದ ಅತಿ ಎತ್ತರದ ಕಂಪನ 22,050 ಹರ್ಟ್ಸ್. ಅದಕ್ಕಿಂತ ಮೇಲಿನವು ಮಾಯವಾಗುವುದಿಲ್ಲ. ಮಡಚಿಕೊಂಡು ಕೆಳಗೆ ಬಂದು, ನುಡಿಸಿದ ಸ್ವರಕ್ಕೆ ಸಂಬಂಧವೇ ಇಲ್ಲದ ಅಪಸ್ವರಗಳಾಗಿ ಕೇಳುತ್ತವೆ. ಇವನ್ನು ತಡೆಯಲು ಇನ್ನಷ್ಟು ಲೆಕ್ಕ ಹಾಕಬೇಕು, ಆಗಿನ ಚಿಪ್‌ಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ದನಿಯ ಕೆಲವು ಕಂಪನಗಳನ್ನು ಸೋಸಿ ತೆಗೆಯುವ ಫಿಲ್ಟರ್‌ನದು ಬೇರೆಯೇ ತಲೆನೋವು. ಸರ್ಕಿಟ್‌ನಲ್ಲಿ ದನಿ ಆ ಕ್ಷಣದಲ್ಲೇ ಹಿಂದಕ್ಕೆ ಸುತ್ತಿ ತನ್ನ ಮೇಲೇ ಬೀಳುತ್ತದೆ. ಕಂಪ್ಯೂಟರಿನ ಸರಳ ಲೆಕ್ಕದಲ್ಲಿ ಅದು ಒಂದು ಹೆಜ್ಜೆ ತಡವಾಗಿ ಬೀಳುತ್ತದೆ. ಅಷ್ಟು ಸಣ್ಣ ವ್ಯತ್ಯಾಸಕ್ಕೂ ಗುಂಡಿ ತಿರುಗಿಸಿದಾಗಿನ ಗುಣ ಬದಲಾಗಿಬಿಡುತ್ತದೆ.

ಆದರೂ ಜನ ಮುಗಿಬಿದ್ದರು. ನಕಲು ಸರಿಯಾಗಿದೆಯಾ ಅನ್ನೋದು ಅಸಲನ್ನು ಮುಟ್ಟಿದ್ದವರ ಪ್ರಶ್ನೆ. ಹೆಚ್ಚಿನವರು ಪ್ರಾಫೆಟ್ ಅನ್ನು ಫೋಟೋದಲ್ಲಿ ಮಾತ್ರ ನೋಡಿದ್ದರು. ಒಂದೇ ಹಾಡಿನಲ್ಲಿ ನಾಲ್ಕು ಪ್ರಾಫೆಟ್ ತೆರೆಯಬಹುದು, ಹಾಡಿನ ಫೈಲ್ ಉಳಿಸಿದರೆ ಗುಂಡಿಗಳ ಸ್ಥಾನವೂ ಉಳಿಯುತ್ತದೆ, ಆರು ತಿಂಗಳ ಮೇಲೆ ತೆರೆದರೂ ಎಲ್ಲ ಹಾಗೇ ಇರುತ್ತದೆ. ಈ ಅನುಕೂಲವನ್ನು ಯಾವ ಯಂತ್ರವೂ ಕೊಟ್ಟಿರಲಿಲ್ಲ.

ಭಾರದ ಲೆಕ್ಕದಲ್ಲಿ ನೋಡಿದರೆ ಬಿ4 ಮತ್ತು ಎಂ-ಟ್ರಾನ್ ಇನ್ನೂ ದೊಡ್ಡ ಉಪಕಾರ. ಬಿ4 ಅನುಕರಿಸಿದ ಹ್ಯಾಮಂಡ್ ಬಿ-3 ಆರ್ಗನ್‌ನ ಒಳಗೆ 91 ಹಲ್ಲುಚಕ್ರಗಳು ತಿರುಗುತ್ತವೆ. ಅದನ್ನು ಮೆಟ್ಟಿಲು ಹತ್ತಿಸಲು ನಾಲ್ಕಾಳು ಬೇಕು. ಎಂ-ಟ್ರಾನ್ ಅನುಕರಿಸಿದ ಮೆಲೋಟ್ರಾನ್‌ನಲ್ಲಿ ಒಂದೊಂದು ಕೀಗೂ ಒಂದೊಂದು ಟೇಪ್ ತುಂಡು, ಸುಮಾರು ಎಂಟು ಸೆಕೆಂಡಿಗೆ ಮುಗಿದುಹೋಗುತ್ತದೆ. ಟೇಪ್ ಸಿಕ್ಕಿಕೊಂಡರೆ ಕಾರ್ಯಕ್ರಮ ಅಲ್ಲಿಗೇ ನಿಂತಂತೆ. ಇವೆರಡೂ ಲ್ಯಾಪ್‌ಟಾಪಿಗೆ ಇಳಿದಾಗ ರಸ್ತೆ ಮೇಲೆ ತಿರುಗುವ ಬ್ಯಾಂಡಿನವರಿಗೆ ಎಷ್ಟು ನಿರಾಳ ಆಗಿರಬೇಕು! ನಮ್ಮಲ್ಲೂ ಇಂಥದ್ದು ಆಗಿದೆ. ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಪಕ್ಕದಲ್ಲಿಟ್ಟು ಹಾಡುತ್ತಿದ್ದವರು ಎಷ್ಟೋ ಜನ ಈಗ ಮೊಬೈಲ್ ಆ್ಯಪ್ ಹಚ್ಚಿ ಕೂರುತ್ತಾರೆ.

2001ರ ಎಫ್‌ಎಂ7 ಮಾತ್ರ ಬೇರೆ ಜಾತಿಯದು. ಅದು ಅನುಸರಿಸಿದ್ದು ಯಮಾಹಾ ಡಿಎಕ್ಸ್7 ಅನ್ನು. 1983ರ ಈ ಕೀಬೋರ್ಡ್ ಮೂಲದಲ್ಲೇ ಡಿಜಿಟಲ್. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಕೊಂಡ ಎಫ್‌ಎಂ ವಿಧಾನ ಅದರದು. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಾಡಿಸಿ ಗಂಟೆಯಂಥ, ಲೋಹದಂಥ ದನಿ ತೆಗೆಯುವುದು. ಯಂತ್ರ ಮಾಡುತ್ತಿದ್ದದ್ದೂ ಲೆಕ್ಕ, ಸಾಫ್ಟ್‌ವೇರ್ ಮಾಡುವುದೂ ಲೆಕ್ಕ. ಹಾಗಾಗಿ ನಕಲು ಬಹಳ ಹತ್ತಿರ ಬಂತು. ಒಂದು ವಿಷಯದಲ್ಲಿ ಅಸಲನ್ನೇ ಮೀರಿಸಿತು ಅಂತಲೂ ಹೇಳುತ್ತೇನೆ. ಡಿಎಕ್ಸ್7ನಲ್ಲಿ ಎರಡು ಸಾಲಿನ ಸಣ್ಣ ಪರದೆ ನೋಡಿಕೊಂಡು, ಒಂದೊಂದೇ ಗುಂಡಿ ಒತ್ತಿ ಆರು ಆಪರೇಟರ್‌ಗಳನ್ನು, ಅಂದರೆ ಅಲೆ ಹುಟ್ಟಿಸುವ ಘಟಕಗಳನ್ನು, ಹೊಂದಿಸಬೇಕಿತ್ತು. ಬಹುಪಾಲು ಜನ ಆ ಗೋಜಿಗೇ ಹೋಗದೆ ಕಂಪನಿ ಕೊಟ್ಟ ಸೌಂಡ್‌ಗಳನ್ನೇ ನುಡಿಸುತ್ತಿದ್ದರು. ಎಫ್‌ಎಂ7 ಅಷ್ಟನ್ನೂ ದೊಡ್ಡ ಪರದೆಯಲ್ಲಿ ಬಿಡಿಸಿಟ್ಟಿತು. ಹಳೆಯ ಡಿಎಕ್ಸ್7ನ ಫೈಲುಗಳನ್ನೂ ಓದುತ್ತಿತ್ತು.

ಬ್ರಯನ್ ಕ್ಲೆವಿಂಜರ್ ಅವರ ಅಬ್‌ಸಿಂತ್ ಯಾವ ಯಂತ್ರದ ನಕಲೂ ಅಲ್ಲ. ಸಾಮಾನ್ಯ ಸಿಂಥ್‌ನಲ್ಲಿ ಸ್ವರದ ಏರಿಳಿತಕ್ಕೆ, ಅಂದರೆ ಎನ್ವಲಪ್‌ಗೆ, ನಾಲ್ಕು ಹಂತ. ಇದರಲ್ಲಿ ಹತ್ತಾರು ಬಿಂದುಗಳನ್ನಿಟ್ಟು ಒಂದೇ ಸ್ವರವನ್ನು ನಿಮಿಷಗಟ್ಟಲೆ ಬದಲಾಯಿಸುತ್ತಾ ಹೋಗಬಹುದು. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರಿಗೆ ಇದು ಹೇಳಿ ಮಾಡಿಸಿದಂತಿತ್ತು.

ಇವೆಲ್ಲ ದುಡ್ಡಿನವು. ಕಳ್ಳ ಪ್ರತಿಗಳೂ ಧಾರಾಳವಾಗಿ ಓಡಾಡುತ್ತಿದ್ದವು, ಅದನ್ನು ಮುಚ್ಚಿಡೋದೇನಿದೆ? ಕಂಪನಿಗಳು ಕಂಪ್ಯೂಟರಿಗೆ ಸಿಕ್ಕಿಸುವ ಬೀಗದಂಥ ಡಾಂಗಲ್ ಕೊಟ್ಟವು, ಸೀರಿಯಲ್ ನಂಬರ್ ಕೇಳಿದವು, ಪ್ರಯೋಜನ ಅಷ್ಟಕ್ಕಷ್ಟೆ. ಇದರ ನಡುವೆ ಜಪಾನಿನ ಇಚಿರೋ ತೋಡಾ ಎಂಬ ಒಬ್ಬರೇ ವ್ಯಕ್ತಿ ಬರೆದು ಪುಕ್ಕಟೆ ಹಂಚಿದ ಸಿಂಥ್1 ಬಂತು. ಸ್ವೀಡನ್‌ನ ಕ್ಲಾವಿಯಾ ಕಂಪನಿಯ ಕೆಂಪು ಕೀಬೋರ್ಡ್, ನಾರ್ಡ್ ಲೀಡ್ 2, ಅದಕ್ಕೆ ಮಾದರಿ. ತಮಾಷೆ ಏನೆಂದರೆ ನಾರ್ಡ್ ಲೀಡ್ ಕೂಡ ಹಳೆಯ ಅನಲಾಗ್ ಸಿಂಥ್‌ಗಳನ್ನು ಡಿಜಿಟಲ್‌ನಲ್ಲಿ ಅನುಕರಿಸುವ ಯಂತ್ರ. ಅಂದರೆ ಇದು ನಕಲಿನ ನಕಲು. ಆದರೂ ದನಿ ಚೊಕ್ಕ, ಸಿಪಿಯು ಮೇಲೆ ಹೊರೆ ತೀರಾ ಕಡಿಮೆ. ಹಳೆಯ ಕಂಪ್ಯೂಟರಿನಲ್ಲೂ ಒಟ್ಟಿಗೆ ಹಲವನ್ನು ಓಡಿಸಬಹುದಿತ್ತು. ಅತಿ ಅಗತ್ಯ ಅನ್ನುವ ಮಾತು ಯಾವುದಾದರೂ ಒಂದು ಪ್ಲಗಿನ್‌ಗೆ ಸರಿಯಾಗಿ ಹೊಂದುವುದಾದರೆ ಅದು ಇದಕ್ಕೇ. ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ಫಿಲ್ಟರ್ ಅಂದರೇನು, ಎನ್ವಲಪ್ ಅಂದರೇನು ಅಂತ ಕಲಿತದ್ದು ಇದರಲ್ಲಿ.

2003ರ ಹೊತ್ತಿಗೆ ಹಳೆಯ ಹೆಸರುಗಳೇ ಈ ಕಡೆ ವಾಲಿದವು. ಫ್ರಾನ್ಸಿನ ಆರ್ಟೂರಿಯಾ ಕಂಪನಿ ಸಿಂಥಸೈಜರ್ ತಯಾರಿಯ ಹಿರಿಯ ಬಾಬ್ ಮೂಗ್ ಅವರ ಒಪ್ಪಿಗೆಯೊಂದಿಗೇ ಅವರ ಹಳೆಯ ಸಿಂಥ್ ಮೂಗ್ ಮಾಡ್ಯುಲರ್ ಅನ್ನು ಸಾಫ್ಟ್‌ವೇರ್ ಮಾಡಿತು. 2004ರಲ್ಲಿ ಜಪಾನಿನ ಕೋರ್ಗ್ ಕಂಪನಿ ತನ್ನದೇ ಹಳೆಯ ವಾದ್ಯಗಳ ಪ್ಲಗಿನ್ ಕಟ್ಟು ಬಿಟ್ಟಿತು, ಜೊತೆಗೆ ತನ್ನ ಹಳೆಯ ಸಿಂಥ್ ಎಂಎಸ್-20ರ ಪುಟ್ಟ ಪ್ರತಿರೂಪವನ್ನೂ ಕೊಟ್ಟಿತು. 2006-07ರ ಹೊತ್ತಿಗೆ ಮ್ಯಾಸಿವ್, ಸೈಲೆಂತ್1 ಎಂಬ ಪ್ಲಗಿನ್‌ಗಳು ಬಂದು ಹೊಸ ತಲೆಮಾರಿನ ಡ್ಯಾನ್ಸ್ ಸಂಗೀತವನ್ನು ಹಿಡಿದವು. ಮೊದಲ ಸುತ್ತಿನವು ಮೂಲೆ ಸೇರತೊಡಗಿದವು.

ಅವುಗಳನ್ನು ಪೂರ್ತಿ ಮುಗಿಸಿದ್ದು ಮಾತ್ರ ಪೈಪೋಟಿಯಲ್ಲ, ಕಂಪ್ಯೂಟರೇ. 2006ರಲ್ಲಿ ಆ್ಯಪಲ್ ಇಂಟೆಲ್ ಚಿಪ್‌ಗೆ ಹೊರಳಿತು. ಆಮೇಲೆ ಎಲ್ಲವೂ 32 ಬಿಟ್‌ನಿಂದ 64 ಬಿಟ್‌ಗೆ ಹೋದವು (ಚಿಪ್ ಒಂದು ಸಲಕ್ಕೆ ಹಿಡಿಯುವ ಸಂಖ್ಯೆಯ ಅಳತೆ ಇದು). 2019ರ ಮ್ಯಾಕ್ ವ್ಯವಸ್ಥೆ 32 ಬಿಟ್ ಸಾಫ್ಟ್‌ವೇರನ್ನು ಓಡಿಸುವುದನ್ನೇ ನಿಲ್ಲಿಸಿತು. ಪ್ರತಿ ಸಲವೂ ಪ್ಲಗಿನ್ ಅನ್ನು ತಿದ್ದಿ ಬರೆಯಬೇಕು. ಬರೆದವರು ಬೇರೆ ಕೆಲಸಕ್ಕೆ ಹೋಗಿದ್ದರೆ, ಕಂಪನಿಗೆ ಲಾಭ ಕಾಣದಿದ್ದರೆ, ಕಥೆ ಮುಗಿಯಿತು. ಪ್ರೊ-53 ಮಾರಾಟದಿಂದ ಹೋಯಿತು. 2018ರಲ್ಲಿ ಸ್ಟೈನ್‌ಬರ್ಗ್ ಹಳೆಯ ವಿಎಸ್‌ಟಿ 2ಕ್ಕೆ ಹೊಸ ಪರವಾನಗಿ ಕೊಡುವುದನ್ನೂ ನಿಲ್ಲಿಸಿತು. ರೀಬರ್ತ್‌ನ ಕಂಪ್ಯೂಟರ್ ಆವೃತ್ತಿ 2005ಕ್ಕೇ ನಿಂತಿತ್ತು. ಅದರ ಐಪ್ಯಾಡ್ ಆವೃತ್ತಿಯನ್ನು 2017ರಲ್ಲಿ ರೋಲ್ಯಾಂಡ್‌ನ ಆಕ್ಷೇಪಣೆಯ ಮೇಲೆ ಹಿಂತೆಗೆದುಕೊಳ್ಳಬೇಕಾಯಿತು.

ಡೇವ್ ಸ್ಮಿತ್ ಅಷ್ಟರಲ್ಲಿ ಯಂತ್ರಗಳ ಕಡೆಗೇ ವಾಪಸಾಗಿದ್ದರು. 2002ರಲ್ಲಿ ಮತ್ತೆ ಹಾರ್ಡ್‌ವೇರ್ ಕಂಪನಿ ಕಟ್ಟಿದರು. 2020ರಲ್ಲಿ ಪ್ರಾಫೆಟ್-5 ಅನ್ನೇ ಹೊಸದಾಗಿ ಮಾಡಿ ಮಾರಿದರು. 2022ರಲ್ಲಿ ತೀರಿಕೊಂಡರು.

ಹಳೆಯ ಪ್ಲಗಿನ್‌ಗಳನ್ನು ಬಿಡಲಾರದವರು ಇಂಟರ್ನೆಟ್ ಸಂಪರ್ಕವಿಲ್ಲದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದನ್ನು ಸುಮ್ನೆ ಅದಕ್ಕಂತಲೇ ಇಟ್ಟುಕೊಳ್ಳುತ್ತಾರೆ. ಇಲ್ಲವೇ 32 ಬಿಟ್ ಪ್ಲಗಿನ್‌ಗಳನ್ನು 64 ಬಿಟ್ ಸಾಫ್ಟ್‌ವೇರಿಗೆ ಜೋಡಿಸುವ ಜೆಬ್ರಿಡ್ಜ್‌ನಂಥ ಸೇತುವೆ ಬಳಸುತ್ತಾರೆ. ಸಿಂಥ್1ಗೆ 64 ಬಿಟ್ ಆವೃತ್ತಿ ಇದೆ, ಹಾಗಾಗಿ ವಿಂಡೋಸ್‌ನವರಿಗೆ ಅದು ದಕ್ಕಿದೆ. ಎಫ್‌ಎಂ ದನಿ ಬೇಕಾದವರಿಗೆ ಡೆಕ್ಸ್‌ಡ್ ಎಂಬ ಉಚಿತ ಪ್ಲಗಿನ್ ಸಿಗುತ್ತದೆ. ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಕಂಪ್ಯೂಟರ್ ಬದಲಾದಾಗ ತಿದ್ದಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಡಿಎಕ್ಸ್7ನಿಂದ ತೆಗೆದಿಟ್ಟ 32 ಸೌಂಡ್‌ಗಳ ಫೈಲನ್ನೂ ಅದು ಇವತ್ತಿಗೂ ಓದುತ್ತದೆ. ಆ ಫೈಲಿನ ಗಾತ್ರ 4,104 ಬೈಟ್.