ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್

ಮಂಡ್ಯ ಕಡೆಯ ರೈತರು. ವಯಸ್ಸು ನಲವತ್ತು ದಾಟಿತ್ತು. ಫಿಟ್ಸ್ ಯಾವಾಗ ಬರುತ್ತೆ ಅಂತ ಕೇಳಿದೆ. "ಯಾವಾಗಂದ್ರೆ ಆವಾಗ ಸಾರ್" ಅಂದರು. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದರು: "ಇಲ್ಲ ಸಾರ್, ಶನಿವಾರ. ತಲೆಗೆ ನೀರು ಹಾಕ್ಕೊಂಡಾಗ."

ಇದು ಬಿಸಿನೀರಿನ ಮೂರ್ಛೆ. ಬೇರೆ ಎಷ್ಟೋ ದೇಶಗಳಲ್ಲಿ ಅಪರೂಪ. ನಮ್ಮ ಹಳೇ ಮೈಸೂರು ಕಡೆ ಜಾಸ್ತಿ, ಅದರಲ್ಲೂ ಗಂಡಸರಿಗೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ತಂಡ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆ ರೋಗದ ಅಧ್ಯಯನ ಮಾಡಿದಾಗಲೂ ಇಂಥವರು ಸಾಕಷ್ಟು ಸಿಕ್ಕಿದ್ದರು. ಆದರೂ ನಾವಾಗಿ ಕೇಳದೆ ರೋಗಿಗಳು ಇದನ್ನು ಹೇಳುವುದಿಲ್ಲ. ಸ್ನಾನ ಮಾಡಿದರೆ ಫಿಟ್ಸ್ ಬರುತ್ತೆ ಅಂದರೆ ನಗ್ತಾರೆ ಅನ್ನೋ ಸಂಕೋಚ.

ನೀರು ಬಿಸಿ ಇದ್ದರಷ್ಟೇ ಸಾಲದು. ಹಂಡೆಯಿಂದ ಚೊಂಬಿನ ಮೇಲೆ ಚೊಂಬು ಮೊಗೆದು, ಬಿಡದೆ ತಲೆಗೆ ಸುರಿದುಕೊಂಡಾಗ ಮೆದುಳು ಕೆರಳುತ್ತದೆ. ಅದೇ ನೀರು ಮೈಗೆ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

"ಸಾಕು ನಿಲ್ಸಿ ಅಂದ್ರೂ ನಿಲ್ಸಲ್ಲ ಸಾರ್, ಸುರ್ಕೊಳ್ತಾನೇ ಇರ್ತಾರೆ" ಅಂದರು ಹೆಂಡತಿ. ಆತ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಒಂಥರಾ ಹಿತ ಅನ್ಸುತ್ತೆ ಸಾರ್" ಅಂದರು. ಹಟ, ದುರಭ್ಯಾಸ ಅಂತ ಮನೆಯವರು ಬೈಯುವುದು ಇದಕ್ಕೇ. ಕೆಲವರಿಗೆ ಆ ಹಿತವೇ ಫಿಟ್ಸ್‌ನ ಶುರು. ಆಗ ಕೈ ಅವರ ಮಾತು ಕೇಳುವುದಿಲ್ಲ.

ಒಂದು ಎಚ್ಚರಿಕೆ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು, ಅಲ್ಲಿ ಯಾರಾದರೂ ಎಚ್ಚರ ತಪ್ಪಿದರೆ ಅದನ್ನೂ ಫಿಟ್ಸ್ ಅಂದುಕೊಳ್ಳಬೇಡಿ. ವಿಷಾನಿಲ ಇರಬಹುದು. ಅದರ ಕಥೆಯೇ ಬೇರೆ.

ಇವರಿಗೆ ನಾನು ಹೇಳಿದ್ದು ಇಷ್ಟು. ನೀರು ಉಗುರುಬೆಚ್ಚಗಿರಲಿ. ಮೊದಲು ಮೈಗೆ ಹಾಕಿಕೊಳ್ಳಿ, ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಕೂತೇ ಸ್ನಾನ ಮಾಡಿ. ತಲೆಸ್ನಾನದ ದಿನ ಒಂದೂವರೆ, ಎರಡು ಗಂಟೆ ಮುಂಚೆ ಫಿಟ್ಸ್ ತಡೆಯುವ ಒಂದು ಕ್ಲೋಬಜಾಮ್ ಮಾತ್ರೆ ತಗೊಳ್ಳಿ. (ಓದಿದವರು ನೀವೇ ಅಂಗಡಿಯಲ್ಲಿ ಕೊಳ್ಳಬೇಡಿ. ಬೇರೆ ಹೊತ್ತಲ್ಲೂ ಫಿಟ್ಸ್ ಬರುವವರಿಗೆ ದಿನಾ ಮಾತ್ರೆ ಬೇಕಾಗುತ್ತದೆ. ಅದನ್ನು ವೈದ್ಯರೇ ನೋಡಿ ಹೇಳಬೇಕು.) ಎಲ್ಲಕ್ಕಿಂತ ಮುಖ್ಯವಾಗಿ, ಬಚ್ಚಲಿನ ಚಿಲಕ ಹಾಕಬೇಡಿ. ಫಿಟ್ಸ್‌ಗಿಂತ, ಬಿದ್ದು ಪೆಟ್ಟಾಗುವುದು, ಬಿಸಿನೀರು ಮೈಮೇಲೆ ಬೀಳುವುದು ನನಗೆ ಹೆಚ್ಚು ಭಯ.

ಆಕೆ ಬಚ್ಚಲಿನ ಹೊರಗೆ ಕಬ್ಬಿಣದ ಬೀಗದಕೈ ಹಿಡಿದು ನಿಲ್ಲುತ್ತಿದ್ದರಂತೆ. ಬೀಗದಕೈ ಏನೂ ಮಾಡುವುದಿಲ್ಲಮ್ಮಾ, ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ ಅಂದೆ. ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ಮಲಗಿಸಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆತನ್ನಿ ಅಂತಲೂ ಹೇಳಿದೆ.

ದೀಪಾವಳಿ ಕಳೆದ ಮೇಲೆ ಇಬ್ಬರೂ ಬಂದಿದ್ದರು. ನೀರು ತುಂಬೋ ಹಬ್ಬದ ಸ್ನಾನ ಏನೂ ತೊಂದರೆ ಇಲ್ಲದೆ ಆಗಿತ್ತು.

"ಚಿಲಕ ಹಾಕಲ್ಲ ಸಾರ್ ಈಗ" ಅಂದರು ಆತ. "ಇವಳು ಬೀಗದಕೈ ಮಾತ್ರ ಬಿಟ್ಟಿಲ್ಲ."