ಅಟೆಂಡರ್ ಇರುವಾಗ ಕನ್ಸಿಯರ್ಜ್ ಸೇವೆ ಏಕೆ?

ಪ್ರಶ್ನೆ: ನಾನು ಮಂಡ್ಯದಿಂದ ದಿನವೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬರುತ್ತೇನೆ. ಬರುವ ತಿಂಗಳಿನಿಂದ ನಮ್ಮ ಕಂಪನಿಯಲ್ಲಿ ಕನ್ಸಿಯರ್ಜ್ ಸೇವೆ ಆರಂಭವಾಗುತ್ತದೆ, ನೌಕರರ ಮನೆಯ ಓಡಾಟದ ಕೆಲಸಗಳನ್ನು ಅವರು ಮಾಡಿಕೊಡುತ್ತಾರೆ ಎಂದು ಎಚ್‌ಆರ್‌ನವರು ತಿಳಿಸಿದ್ದಾರೆ. ನಮ್ಮಲ್ಲಿ ಈಗಾಗಲೇ ಇಬ್ಬರು ಅಟೆಂಡರ್‌ಗಳಿದ್ದು, ಹೇಳಿದ ಕೆಲಸವನ್ನು ಮಾಡಿಕೊಡುತ್ತಾರೆ. ಹೀಗಿರುವಾಗ ಇದು ದುಂದುವೆಚ್ಚವಲ್ಲವೇ? ಆ ಹಣವನ್ನು ನಮ್ಮ ಸಂಬಳಕ್ಕೇ ಸೇರಿಸಬಾರದೇ?

ಉತ್ತರ: ಈ ಪ್ರಶ್ನೆಯನ್ನು ಹೂಟಗಳ್ಳಿಯಲ್ಲಿ, ನಂಜನಗೂಡಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿಯೂ ನನಗೆ ಕೇಳಿದ್ದಾರೆ. ಎಷ್ಟು ಸಲ ಬಾಯಿಮಾತಿನಲ್ಲಿ ಉತ್ತರಿಸಿದರೂ ಅಟೆಂಡರ್ ವಿಷಯಕ್ಕೆ ಬಂದಾಗ ಮಾತು ಮತ್ತೆ ಮೊದಲಿನಲ್ಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದು ದುಂದುವೆಚ್ಚವಲ್ಲ. ಸಂಬಳಕ್ಕೆ ಸೇರಿಸಿದರೆ ಅದೇ ಪ್ರಯೋಜನ ಸಿಗುವುದಿಲ್ಲ. ಇನ್ನು ಅಟೆಂಡರ್‌ಗಳಿಂದ ಈ ಕೆಲಸ ಮಾಡಿಸುವುದು ಸಾಧ್ಯವಿಲ್ಲ, ಸಾಧ್ಯವಿರುವ ಕಡೆಯೂ ಮಾಡಿಸಕೂಡದು.

ಕನ್ಸಿಯರ್ಜ್ ಎಂಬುದು ದೊಡ್ಡ ಹೋಟೆಲುಗಳಿಂದ ಬಂದ ಪದ. ತಂಗಿದ ಅತಿಥಿಗೆ ಬೇಕಾದ ಟಿಕೆಟ್ಟು, ವಾಹನ, ವೈದ್ಯರ ವಿಳಾಸ ಇತ್ಯಾದಿಗಳನ್ನು ಹೊಂದಿಸಿಕೊಡುವವರಿಗೆ ಅಲ್ಲಿ ಆ ಹೆಸರು. 1990ರ ದಶಕದಲ್ಲಿ ಅಮೆರಿಕದ ಕೆಲವು ಕಚೇರಿಗಳು ಮತ್ತು ಆಸ್ಪತ್ರೆಗಳು ಇದೇ ಏರ್ಪಾಡನ್ನು ತಮ್ಮ ನೌಕರರಿಗೂ ಒದಗಿಸತೊಡಗಿದವು. ಇದರ ಸಾಮಾನ್ಯ ಕ್ರಮ ಹೀಗಿದೆ: ಸೇವೆಯ ಖರ್ಚು ಕಂಪನಿಯದು, ಕೊಳ್ಳುವ ವಸ್ತುವಿನ ಬೆಲೆ, ಸರ್ಕಾರಿ ಶುಲ್ಕ, ರಿಪೇರಿಯ ಹಣ ನಿಮ್ಮದು. ಬೆಳಿಗ್ಗೆ ಕೆಲಸವನ್ನು ಬರೆಸಿದರೆ ಸಂಜೆಯೊಳಗೆ ಮುಗಿಸುತ್ತಾರೆ, ಇಲ್ಲವೇ ಯಾವ ದಿನ ಮುಗಿಯುತ್ತದೆಂದು ಹೇಳುತ್ತಾರೆ. ಬೈಕನ್ನು ಸರ್ವೀಸಿಗೆ ಬಿಟ್ಟು ತರುವುದು, ಡ್ರೈಕ್ಲೀನಿಂಗಿಗೆ ಕೊಟ್ಟ ಬಟ್ಟೆ ತರುವುದು, ಚೀಟಿ ತೋರಿಸಿ ಔಷಧಿ ಕೊಳ್ಳುವುದು, ಕಚೇರಿಯಿಂದ ಅರ್ಜಿ ನಮೂನೆ ತಂದು ಯಾವ ದಾಖಲೆ ಬೇಕೆಂದು ಮೊದಲೇ ವಿಚಾರಿಸಿಡುವುದು, ಇಂಥವು.

ಸಂಬಳದ ಮಾತನ್ನು ಮೊದಲು ಮುಗಿಸೋಣ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಜನರಲ್ ಶಿಫ್ಟಿಗೆ ಬೆಳಿಗ್ಗೆ ಮನೆ ಬಿಟ್ಟರೆ ತಿರುಗಿ ಬಾಗಿಲು ತಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಪಾಲಿಕೆಯ ವಲಯ ಕಚೇರಿ, ಬ್ಯಾಂಕು, ನಾಡಕಚೇರಿ ಎಲ್ಲವೂ ಬಾಗಿಲು ತೆರೆಯುವಾಗ ನೀವು ಗೇಟಿನ ಒಳಗಿರುತ್ತೀರಿ. ನೀವು ಹೊರಗೆ ಬರುವಾಗ ಅವು ಮುಚ್ಚಿರುತ್ತವೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿಯೇ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಮೈಸೂರಿನ ಮನೆ ಮಾಲೀಕರೆಲ್ಲರಿಗೂ ಗೊತ್ತು. ಖಾತೆಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಆ ರಿಯಾಯಿತಿಗಾಗಿ ಅರ್ಧ ದಿನ ರಜೆ ಹಾಕಬೇಕಾಗುತ್ತದೆಂದೂ ಗೊತ್ತು. ತಿಂಗಳಿಗೆ 26,000 ರೂಪಾಯಿ ಸಂಬಳದವರು 26 ದಿನದ ಲೆಕ್ಕದಲ್ಲಿ ಅರ್ಧ ದಿನ ಕಳೆದುಕೊಂಡರೆ 500 ರೂಪಾಯಿ ಹೋದಂತೆ. ಕನ್ಸಿಯರ್ಜ್ ಸೇವೆಯ ಹಣವನ್ನು ತಲೆಗಿಷ್ಟು ಎಂದು ಹಂಚಿ ನಿಮ್ಮ ಸಂಬಳದ ಚೀಟಿಗೆ ಸೇರಿಸಿದರೂ ವಲಯ ಕಚೇರಿ ನಿಮಗಾಗಿ ರಾತ್ರಿ ಎಂಟಕ್ಕೆ ತೆರೆಯುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ 60 ಉದ್ಯೋಗಸ್ಥರಿಗೆ ಎರಡು ವಾರಾಂತ್ಯಗಳಲ್ಲಿ ತಲಾ 40 ಡಾಲರ್ ಕೊಟ್ಟು, ಒಮ್ಮೆ ವಸ್ತು ಕೊಳ್ಳಲು, ಇನ್ನೊಮ್ಮೆ ಸಮಯ ಉಳಿಸಿಕೊಳ್ಳಲು ಖರ್ಚು ಮಾಡಿಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಸಮಯ ಉಳಿಸಿಕೊಂಡ ದಿನವೇ ಅವರ ಮನಸ್ಸು ಹೆಚ್ಚು ಹಗುರವಾಗಿತ್ತೆಂದು ಅದರ ಫಲಿತಾಂಶ. ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿಲ್ಲ.

ಇನ್ನು ಅಟೆಂಡರ್ ಮಾತು. ದಯವಿಟ್ಟು ಇದನ್ನು ತಾಳ್ಮೆಯಿಂದ ಓದಿ.

ನಾನು ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಒಂದು ಕಡೆ ನಮ್ಮಲ್ಲಿದ್ದ ಅಟೆಂಡರ್ ಒಬ್ಬರ ಅಂಗಿಯ ಜೇಬಿನಲ್ಲಿ ಸದಾ ನಾಲ್ಕು ಮಡಿಕೆಯ ಒಂದು ಚೀಟಿ ಇರುತ್ತಿತ್ತು. ಒಂದು ದಿನ ಅವರು ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಾಗ ಓದಿದೆ. ಸಾಹೇಬರ ಸ್ಕೂಟರ್ ಸರ್ವೀಸಿನಿಂದ ತರುವುದು; ಅಕೌಂಟ್ಸ್ ಮೇಡಂ ಅವರ ಸೀರೆಯನ್ನು ಕುಚ್ಚು ಹಾಕಿಸಲು ಕೊಡುವುದು; ಐದು ಕೆಜಿ ರಾಗಿ ಮಿಲ್ಲಿನಲ್ಲಿ ಬೀಸಿಸುವುದು, ನುಣ್ಣಗೆ; ಬಿ.ಪಿ. ಮಾತ್ರೆ ಎರಡು ಶೀಟು, ಚೆಕ್ಕು ಒಂದು. ಕೆಳಗೆ ಇನ್ನೊಬ್ಬರ ಕೈಬರಹದಲ್ಲಿ ‘ಬರುವಾಗ ಮಲ್ಲಿಗೆ ಎರಡು ಮಾರು’ ಎಂದಿತ್ತು. ಅವರ ನೇಮಕದ ಪತ್ರದಲ್ಲಿದ್ದದ್ದು ಕಡತ ಸಾಗಿಸುವುದು, ಜೆರಾಕ್ಸ್, ಕೊರಿಯರ್ ಮತ್ತು ಮೀಟಿಂಗಿನ ಚಹಾ ಮಾತ್ರ. ಚೀಟಿಯಲ್ಲಿದ್ದ ಐವರ ಪೈಕಿ ಒಬ್ಬರಿಗೂ ಮಿಕ್ಕ ನಾಲ್ವರ ಕೆಲಸ ತಿಳಿದಿರಲಿಲ್ಲ. ‘ನಮ್ಮದು ಒಂದೇ ಒಂದು ಚಿಕ್ಕ ಕೆಲಸ ತಾನೆ’ ಎಂದು ಪ್ರತಿಯೊಬ್ಬರೂ ಮನಃಪೂರ್ವಕವಾಗಿ ನಂಬಿದ್ದರು.

ಅದೇ ಮಳೆಗಾಲದಲ್ಲಿ ಒಬ್ಬ ಅಧಿಕಾರಿಯ ಸ್ಕೂಟರನ್ನು ತರುವಾಗ ಮೇಟಗಳ್ಳಿಯ ಬಳಿ ಆ ಅಟೆಂಡರ್ ಜಾರಿ ಬಿದ್ದು ಮುಂಗೈ ಮೂಳೆ ಮುರಿಯಿತು. ಅಪಘಾತದ ವರದಿಯನ್ನು ತುಂಬಬೇಕಾದವನು ನಾನು. ‘ಅಪಘಾತದ ಸಮಯದಲ್ಲಿ ಯಾವ ಕೆಲಸದಲ್ಲಿ ತೊಡಗಿದ್ದರು’ ಎಂಬ ಅಂಕಣದ ಮುಂದೆ ನನ್ನ ಪೆನ್ನು ನಿಂತಿತು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾನೂನಿನಲ್ಲಿ ಉದ್ಯೋಗದ ಗಾಯವೆಂದು ಒಪ್ಪಬೇಕಾದರೆ ಗಾಯವು ಉದ್ಯೋಗದಿಂದಲೇ ಮತ್ತು ಉದ್ಯೋಗದ ಅವಧಿಯಲ್ಲಿಯೇ ಆದದ್ದಾಗಿರಬೇಕು. ಹಾಗೆ ಒಪ್ಪಿದರೆ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರವಾಗಿ ಕೂಲಿಯ ಶೇ 90ರಷ್ಟು ಗುಣವಾಗುವವರೆಗೂ ದೊರೆಯುತ್ತದೆ. ಒಪ್ಪದಿದ್ದರೆ ಸಾಮಾನ್ಯ ಅನಾರೋಗ್ಯದ ಪರಿಹಾರ, ಶೇ 70, ಅದೂ ವರ್ಷಕ್ಕೆ 91 ದಿನದ ಮಿತಿಯಲ್ಲಿ. ಯಾರದೋ ಸ್ವಂತ ಸ್ಕೂಟರ್ ತರುವುದು ಕಂಪನಿಯ ಕೆಲಸವೇ? ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರಿಗೆ ಸಿಕ್ಕಿದ್ದು ಎರಡನೆಯದು. ದಿನಕ್ಕೆ 500 ರೂಪಾಯಿ ಕೂಲಿಯವರಿಗೆ ಇದರಿಂದಾಗುವ ನಷ್ಟ ದಿನಕ್ಕೆ 100 ರೂಪಾಯಿ. ಆ ಅಂಕಣದಲ್ಲಿ ಬೇರೇನಾದರೂ ಬರೆಯಬಹುದಿತ್ತೇ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

‘ಅವರೇ ಸಂತೋಷದಿಂದ ಮಾಡುತ್ತಾರೆ, ನಾವು ಕೈಗೆ ಐವತ್ತು ರೂಪಾಯಿ ಕೊಡುತ್ತೇವೆ’ ಎಂಬ ಮಾತು ತಪ್ಪದೆ ಬರುತ್ತದೆ. ಅಟೆಂಡರ್‌ಗಳಲ್ಲಿ ಬಹುಪಾಲು ಮಂದಿ ಈಗ ಹೊರಗುತ್ತಿಗೆಯವರು. ಗುತ್ತಿಗೆ ನವೀಕರಿಸುವಾಗ ‘ಈ ಹುಡುಗ ಹೇಗೆ?’ ಎಂದು ಯಾರನ್ನು ಕೇಳುತ್ತಾರೋ ಅವರ ಸ್ಕೂಟರನ್ನೇ ಇವರು ತರುತ್ತಿರುತ್ತಾರೆ. ಇಲ್ಲ ಎನ್ನುವ ಸ್ವಾತಂತ್ರ್ಯವಿಲ್ಲದವರು ಹೂಂ ಎಂದದ್ದನ್ನು ಸಂತೋಷವೆಂದು ಲೆಕ್ಕ ಹಾಕಬಾರದು. ಮಾಲೀಕರು ನೌಕರನ ಮನೆಗೆ ಒದಗಿಸುವ ಕಾವಲುಗಾರ, ತೋಟದವರು, ಸ್ವಂತ ಪರಿಚಾರಕರ ಸೇವೆಯನ್ನು ಆದಾಯ ತೆರಿಗೆ ನಿಯಮಗಳೇ ನೌಕರನಿಗೆ ಸಿಕ್ಕ ಸವಲತ್ತೆಂದು ಹೆಸರಿಸಿ, ಅದಕ್ಕೆ ಬೆಲೆ ಕಟ್ಟುವ ಬಗೆಯನ್ನು ಹೇಳಿವೆ. ಅಂದರೆ ಕಂಪನಿಯ ಸಂಬಳ ಪಡೆಯುವವರಿಂದ ಮನೆಗೆಲಸ ಮಾಡಿಸಿಕೊಳ್ಳುವುದಕ್ಕೆ ಬೆಲೆಯಿದೆಯೆಂಬ ವಿಷಯವನ್ನು ಕಾನೂನು ಎಂದೋ ಗುರುತಿಸಿದೆ.

ಕನ್ಸಿಯರ್ಜ್ ಸಿಬ್ಬಂದಿಯ ವ್ಯತ್ಯಾಸ ಇಲ್ಲಿಯೇ ಇದೆ. ಅವರ ಉದ್ಯೋಗವೇ ಓಡಾಟ. ನಿಮ್ಮ ಬೈಕನ್ನು ತರುವಾಗ ಅವರು ಡ್ಯೂಟಿಯಲ್ಲಿರುತ್ತಾರೆ. ಗಾಯವಾದರೆ ಅದು ಉದ್ಯೋಗದ ಗಾಯ. ಆ ಕೆಲಸ ತಮ್ಮ ಪಟ್ಟಿಯಲ್ಲಿಲ್ಲ ಎಂದು ಅವರು ನಿಮ್ಮ ಮುಖ ನೋಡಿ ಹೇಳಬಲ್ಲರು, ಹೇಳಿದರೆ ಕೆಲಸ ಹೋಗುವುದಿಲ್ಲ.

ಹಣದ ವ್ಯವಹಾರದ ಶಿಸ್ತೂ ಬೇರೆ. ಅಟೆಂಡರ್ ಕೈಗೆ ಎಟಿಎಂ ಕಾರ್ಡನ್ನೂ ಕಿವಿಯಲ್ಲಿ ಪಿನ್ ಸಂಖ್ಯೆಯನ್ನೂ ಕೊಟ್ಟು ಕಳಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಎರಡು ಸಾವಿರ ಕಡಿಮೆಯಾದರೆ ಮೊದಲ ಅನುಮಾನ ಯಾರ ಮೇಲೆಂದು ನಾನು ಹೇಳಬೇಕಾಗಿಲ್ಲ. ಸರಿಯಾಗಿ ನಡೆಯುವ ಕನ್ಸಿಯರ್ಜ್ ಡೆಸ್ಕಿನಲ್ಲಿ ಒಂದು ಪುಸ್ತಕವೋ ಆ್ಯಪೋ ಇರುತ್ತದೆ: ಯಾರು ಕೊಟ್ಟರು, ಏನು ಕೊಟ್ಟರು, ಎಷ್ಟು ಹಣ, ರಸೀದಿ ಎಷ್ಟರದು, ಚಿಲ್ಲರೆ ವಾಪಸು ಎಷ್ಟು, ಪಡೆದವರ ಸಹಿ. ಕಾರ್ಡು, ಪಿನ್, ಒಟಿಪಿ ಇವನ್ನು ಅವರು ಮುಟ್ಟುವುದಿಲ್ಲ. ಈ ಕಟ್ಟುನಿಟ್ಟು ನಿಮ್ಮನ್ನು ಎಷ್ಟು ಕಾಯುತ್ತದೋ ಅವರನ್ನೂ ಅಷ್ಟೇ ಕಾಯುತ್ತದೆ.

ಇನ್ನೊಂದು ವಿಷಯವಿದೆ; ಇದನ್ನು ಜನ ಗಮನಿಸುವುದೇ ಇಲ್ಲ. ಬಿಲ್ಲುಗಳೆಲ್ಲ ಈಗ ಫೋನಿನಲ್ಲೇ ಕಟ್ಟುವಂತಾಗಿರುವುದರಿಂದ, ಉಳಿದಿರುವ ಕೆಲಸಗಳಲ್ಲಿ ಕಾಲಿಗಿಂತ ತಿಳಿವಳಿಕೆ ಮುಖ್ಯ. ಪಿಂಚಣಿ ಪಡೆಯುವ ತಂದೆಯವರ ಜೀವಂತ ಪ್ರಮಾಣಪತ್ರವನ್ನು ನವೆಂಬರಿನಲ್ಲಿ ಕೊಡಬೇಕು. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗಲೆಂದು ರಜೆ ಹಾಕುವವರು ನಮ್ಮಲ್ಲಿ ಇನ್ನೂ ಎಷ್ಟೋ ಮಂದಿ. ಅಂಚೆಯವರೇ ಮನೆಗೆ ಬಂದು ಅದನ್ನು ಮಾಡಿಕೊಡುವ ವ್ಯವಸ್ಥೆ 2020ರಿಂದಲೂ ಇದೆ. ಮುಖ ಗುರುತಿನ ಮೂಲಕ ಫೋನಿನಲ್ಲೇ ಮಾಡುವ ಕ್ರಮವೂ ಬಂದಿದೆ. ಒಳ್ಳೆಯ ಕನ್ಸಿಯರ್ಜ್ ಇದನ್ನು ತಿಳಿಸಿ, ದಿನ ಗೊತ್ತು ಮಾಡಿಕೊಡುತ್ತಾರೆ. ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಆರಂಭವಾದ ದೇಶದ ಮೊದಲ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. ಅಲ್ಲಿಗೆ ನಿಮ್ಮ ಬದಲು ಯಾರೂ ಹೋಗಲಾಗದು, ಆಧಾರ್ ಬೆರಳಚ್ಚಿಗೂ ಅಷ್ಟೇ. ಆದರೆ ದಾಖಲೆಗಳನ್ನು ಮೊದಲೇ ಪರಿಶೀಲಿಸಿ, ಒಂದು ಪ್ರತಿ ಕಡಿಮೆಯಾಯಿತೆಂದು ವಾಪಸು ಬರದಂತೆ ನೋಡಿಕೊಂಡರೆ ನಿಮ್ಮ ಎರಡನೆಯ ರಜೆ ಉಳಿಯುತ್ತದೆ.

ಸಂಜೆ ಇನ್ನಷ್ಟು ಹೊತ್ತು ಕೂರಿಸುವ ಉಪಾಯವಿದು ಎಂಬ ಅನುಮಾನಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಸೇವೆ ಆರಂಭವಾಗಿ ಮೂರು ತಿಂಗಳ ನಂತರ ನೀವು ಗೇಟಿನಿಂದ ಹೊರಬರುವ ಸಮಯ ತಡವಾಗಿದ್ದರೆ ಅದನ್ನು ಎತ್ತಿ ಕೇಳಿ. ಹೆಣ್ಣುಮಕ್ಕಳು ಇದನ್ನು ಹೆಚ್ಚು ಬಳಸುತ್ತಾರೆಂಬ ಮಾತೂ ನಿಜ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷವನ್ನು ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆ, ಪುರುಷರು 88 ನಿಮಿಷ. ಯಾರ ಕೈಯಲ್ಲಿ ಕೆಲಸದ ಪಟ್ಟಿ ಉದ್ದವಾಗಿದೆಯೋ ಅವರು ಡೆಸ್ಕಿನ ಮುಂದೆ ಹೆಚ್ಚು ನಿಲ್ಲುವುದು ಸಹಜ.

ನೀವು ಕೇಳದ ಒಂದು ಪ್ರಶ್ನೆ ಉಳಿದಿದೆ: ನಿಮ್ಮ ಆ ಇಬ್ಬರು ಅಟೆಂಡರ್‌ಗಳಿಗೆ ಈ ಸೇವೆ ಸಿಗುತ್ತದೆಯೇ? ನಾನು ನೋಡಿರುವ ಒಪ್ಪಂದಗಳಲ್ಲಿ ‘ಖಾಯಂ ನೌಕರರಿಗೆ’ ಎಂಬ ಒಂದು ಪದ ಸದ್ದಿಲ್ಲದೆ ಕುಳಿತಿರುತ್ತದೆ. ಅದರಿಂದ ಹೌಸ್‌ಕೀಪಿಂಗಿನವರು, ಕ್ಯಾಂಟೀನಿನವರು, ಸೆಕ್ಯುರಿಟಿಯವರು, ಅಟೆಂಡರ್‌ಗಳು ಎಲ್ಲರೂ ಹೊರಗುಳಿಯುತ್ತಾರೆ. ನನಗೆ ಇದು ಪೂರ್ತಿ ತಲೆಕೆಳಗಾದ ವ್ಯವಸ್ಥೆಯೆಂದು ಕಾಣುತ್ತದೆ. ಖಾಯಂ ನೌಕರರ ಅರ್ಧ ದಿನ ರಜೆಯ ಖಾತೆಯಿಂದ ಹೋಗುತ್ತದೆ. ಗುತ್ತಿಗೆಯವರ ಅರ್ಧ ದಿನ ಕೂಲಿಯಿಂದಲೇ ಕಡಿತವಾಗುತ್ತದೆ. ಮುಂಗೈ ಮುರಿದುಕೊಂಡವರ ಮಾತು ಹೇಳಿದೆನಲ್ಲ, ಅವರ ಮಗಳಿಗೆ ಕಾಲೇಜು ಸೇರಲು ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗಿತ್ತು. ಮೊದಲ ದಿನ ನಾಡಕಚೇರಿಗೆ ಹೋದಾಗ ಪಡಿತರ ಚೀಟಿಯ ಪ್ರತಿ ಇರಲಿಲ್ಲವೆಂದು ವಾಪಸಾದರು. ಮರುದಿನ ಮತ್ತೆ ಹೋದರು. ನಮ್ಮೆಲ್ಲರ ರಾಗಿ, ಸೀರೆ, ಮಾತ್ರೆಗಳನ್ನು ಹೊತ್ತು ತಂದವರು ತಮ್ಮ ಒಂದು ಕಾಗದಕ್ಕಾಗಿ ಎರಡು ದಿನದ ಕೂಲಿ ಬಿಟ್ಟರು, ಮತ್ತು ಆ ಎರಡು ದಿನ ಚೀಟಿ ಬರೆದ ಐವರೂ ಅವರೆಲ್ಲಿ ಎಂದು ನನ್ನನ್ನು ಕೇಳಿದರು.

ಸೇವೆ ಕೊಡುವವರು ಸಾಮಾನ್ಯವಾಗಿ ತಲೆ ಎಣಿಕೆಯ ಮೇಲೆ ದರ ಹೇಳುತ್ತಾರೆ. ಆದ್ದರಿಂದ ಸಹಿಯಾಗುವ ಮೊದಲೇ ಆ ಎಣಿಕೆಯಲ್ಲಿ ಗುತ್ತಿಗೆಯವರನ್ನೂ ಸೇರಿಸಿದರೆ ಮಾತ್ರ ಅವರಿಗೆ ಸಿಗುತ್ತದೆ, ಆಮೇಲೆ ಸೇರಿಸುವುದು ಕಷ್ಟ. ನಿಮ್ಮಲ್ಲಿ ಬರುವ ತಿಂಗಳು ಆರಂಭ ಎಂದಿದ್ದೀರಿ. ಈ ವಾರವೇ ಎಚ್‌ಆರ್‌ನವರ ಬಳಿ ಹೋಗಿ, ಅರ್ಹ ನೌಕರರು ಯಾರೆಂದು ಬರೆದಿರುವ ಸಾಲನ್ನು ತೋರಿಸಲು ಕೇಳಿ, ಅದರೊಳಗೆ ಆ ಇಬ್ಬರೂ ಬರುತ್ತಾರೆಯೇ ಎಂದು ಓದಿ ನೋಡಿ.