ಗಂಡನಿಗೆ ಜರ್ಮನಿಗೆ ಪೋಸ್ಟಿಂಗ್: ನನ್ನ ಅಮೆರಿಕದ ಕೆಲಸವನ್ನು ಅಲ್ಲಿಂದಲೇ ಮಾಡಬಹುದೇ?

ಪ್ರಶ್ನೆ: ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿದ್ದಾರೆ, ಅಲ್ಲಿನ ಪ್ರಜೆ. ಮುಂದಿನ ಬೇಸಿಗೆಯಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್ ಕಡೆಗೆ ಮೂರು ವರ್ಷಕ್ಕೆ ವರ್ಗವಾಗಿದೆ. ನಾನು ಟೆಕ್ಸಾಸ್‌ನಲ್ಲಿ ಮನೆಯಿಂದಲೇ ಒಂದು ಖಾಸಗಿ ಕಂಪನಿಗೆ ಕೆಲಸ ಮಾಡುತ್ತೇನೆ. ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇದೆ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಇದೇ ಕೆಲಸವನ್ನು ಅಲ್ಲಿಂದ ಮುಂದುವರಿಸಬಹುದೇ? ಸಂಬಳ ಅಮೆರಿಕದ ಬ್ಯಾಂಕಿಗೇ ಬರುತ್ತದೆ, ಜರ್ಮನಿಯವರಿಗೆ ಇದರಲ್ಲಿ ಏನು ಕೆಲಸ ಎನ್ನುತ್ತಾರೆ ಗೆಳತಿಯರು.

ಉತ್ತರ: ವರ್ಗದ ಸುದ್ದಿ ಬಂದ ಮನೆಗಳಿಂದ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದುವರಿಸಲು ದಾರಿ ಇದೆ, ಆದರೆ ಯಾರಿಗೂ ಹೇಳದೆ ಹೊರಟರೆ ಆ ದಾರಿ ಮುಚ್ಚಿಹೋಗುತ್ತದೆ. ನಿಮ್ಮ ಕಂಪನಿಯನ್ನೂ, ಅಲ್ಲಿನ ಸೇನಾ ನೆಲೆಯ ಲೀಗಲ್ ಆಫೀಸನ್ನೂ, ಎರಡೂ ದೇಶದ ತೆರಿಗೆ ಬಲ್ಲ ಒಬ್ಬರನ್ನೂ ವಿಮಾನ ಹತ್ತುವ ಮುಂಚೆ ಕೇಳಿ. ಅವರ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಗೆಳತಿಯರ ಮಾತನ್ನು ಮೊದಲು ನೋಡೋಣ. ದುಡ್ಡು ಯಾವ ಬ್ಯಾಂಕಿಗೆ ಬೀಳುತ್ತದೆ ಎಂಬುದಕ್ಕೆ ಇಲ್ಲಿ ಅಷ್ಟು ಬೆಲೆ ಇಲ್ಲ. ಕೆಲಸ ಮಾಡುವ ಹೊತ್ತಿಗೆ ನೀವು ಯಾವ ದೇಶದಲ್ಲಿ ಕೂತಿದ್ದೀರಿ ಎಂಬುದರ ಮೇಲೆ ಕಾನೂನು ನಿಂತಿದೆ. ಅಮೆರಿಕ–ಜರ್ಮನಿ ತೆರಿಗೆ ಒಪ್ಪಂದವೂ ಸಾಮಾನ್ಯ ಸಂಬಳದ ವಿಷಯದಲ್ಲಿ ಇದೇ ನೆಲೆಯಿಂದ ಹೊರಡುತ್ತದೆ. ಕಂಪನಿ ಡಲ್ಲಾಸ್‌ನಲ್ಲಿದ್ದರೂ ನೀವು ಜರ್ಮನಿಯ ಮನೆಯ ಊಟದ ಮೇಜಿನಲ್ಲಿ ಕೂತು ಕೆಲಸ ಮಾಡಿದರೆ ಆ ಕೆಲಸ ನಡೆದದ್ದು ಜರ್ಮನಿಯಲ್ಲಿ. ಹಾಗಾಗಿ ಜರ್ಮನಿಯವರಿಗೆ ಇದರಲ್ಲಿ ಖಂಡಿತ ಕೆಲಸ ಇದೆ.

ಹಾಗಿದ್ದರೆ ನೀವು ಜರ್ಮನಿಯಲ್ಲಿ ಯಾವ ಹಕ್ಕಿನ ಮೇಲೆ ಇರುತ್ತೀರಿ? ಬೇರೆ ವಲಸಿಗರಂತೆ ವಾಸದ ಪರವಾನಗಿ ಪಡೆದು ಅಲ್ಲ. 1951ರ ಜೂನ್ 19ರಂದು ಲಂಡನ್‌ನಲ್ಲಿ ನೇಟೊ ದೇಶಗಳು ಸಹಿ ಮಾಡಿದ ಒಂದು ಒಪ್ಪಂದವಿದೆ, ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್. ಸೇನೆಯ ಮನೆಗಳಲ್ಲಿ ಅದನ್ನು ‘ಸೋಫಾ’ ಎಂದೇ ಕರೆಯುತ್ತಾರೆ. ಜರ್ಮನಿಗೆಂದು 1959ರಲ್ಲಿ ಆದ ಪೂರಕ ಒಪ್ಪಂದ 1963ರಲ್ಲಿ ಜಾರಿಗೆ ಬಂತು. ಸೈನಿಕರೂ ಅವರ ಅವಲಂಬಿತರೂ ವಿದೇಶಿಯರ ಸಾಮಾನ್ಯ ನೋಂದಣಿ, ವಾಸದ ಪರವಾನಗಿಗಳಿಲ್ಲದೆ ಅಲ್ಲಿ ಇರಬಹುದಾದದ್ದು ಈ ಎರಡರ ಬಲದಿಂದ. ನಿಮ್ಮ ಪಾಲಿಗೆ ಆ ಬಲ ಬರುವುದು ಯಜಮಾನರ ಮೂಲಕ. ‘ಕಮಾಂಡ್ ಸ್ಪಾನ್ಸರ್‌ಶಿಪ್’, ಅಂದರೆ ಕುಟುಂಬವನ್ನು ಜೊತೆಗೆ ಕರೆದೊಯ್ಯಲು ಸೇನೆ ಕೊಡುವ ಅಧಿಕೃತ ಒಪ್ಪಿಗೆ, ಸಿಕ್ಕಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಆದ್ದರಿಂದ ಇವತ್ತೇ ಯಜಮಾನರ ಆರ್ಡರ್ಸ್, ಅಂದರೆ ವರ್ಗದ ಆದೇಶಪತ್ರ, ತೆರೆದು ಓದಿ. ಕುಟುಂಬದ ಪ್ರಯಾಣಕ್ಕೆ ಒಪ್ಪಿಗೆ ಇದೆ ಎಂಬ ಸಾಲು, ಅದರ ಕೆಳಗೆ ನಿಮ್ಮ ಹೆಸರು, ಮಕ್ಕಳಿದ್ದರೆ ಅವರ ಹೆಸರು, ಹುಟ್ಟಿದ ದಿನ, ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ, ಮದುವೆಯಾದ ಮೇಲಿನ ಹೆಸರು ಮತ್ತೊಂದು ಕಡೆ ಇರುವುದು ಮಾಮೂಲು. ಇದನ್ನು ಈಗಲೇ ತಿದ್ದಿಸಿ, ಅಲ್ಲಿ ಇಳಿದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಸ್ಪಾನ್ಸರ್‌ಶಿಪ್ ಇಲ್ಲದೆ ಸ್ವಂತ ಟಿಕೆಟಿನಲ್ಲಿ ಹೋದರೆ ಸರ್ಕಾರದ ಖರ್ಚಿನ ಪ್ರಯಾಣ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಗ್ರೀನ್ ಕಾರ್ಡ್ ಹಿಡಿದಿದ್ದರೂ ಷೆಂಗೆನ್ ವೀಸಾ ಮಾಡಿಸಬೇಕು. ಆ ವೀಸಾದ ಮೇಲೆ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಇನ್ನು ಕಂಪನಿಯ ವಿಷಯ. ಬಹಳಷ್ಟು ಜನರ ಆಸೆ ಮುರಿದು ಬೀಳುವುದು ಇಲ್ಲೇ, ಸೇನೆಯ ಕಾಗದಗಳಲ್ಲಿ ಅಲ್ಲ. ನಿಮ್ಮ ಮ್ಯಾನೇಜರ್ “ಎಲ್ಲಿಂದ ಮಾಡಿದರೇನು, ಕೆಲಸ ಆದರೆ ಸರಿ” ಎಂದು ನಕ್ಕು ಒಪ್ಪಿಬಿಡಬಹುದು. ಅದು ಒಪ್ಪಿಗೆಯಲ್ಲ. ಎಚ್‌ಆರ್, ಪೇರೋಲ್, ಐಟಿ ಭದ್ರತೆ, ಈ ಮೂರೂ ವಿಭಾಗಗಳು ಹೂಂ ಎನ್ನಬೇಕು. ಅವರ ಭಯಕ್ಕೆ ಕಾರಣವೂ ಇದೆ. ಒಬ್ಬ ಉದ್ಯೋಗಿ ಒಂದು ದೇಶದಲ್ಲಿ ಕಾಯಂ ಆಗಿ ಕೂತು ಕೆಲಸ ಮಾಡಿದರೆ ಕಂಪನಿಗೇ ಅಲ್ಲಿ ವ್ಯವಹಾರದ ನೆಲೆ ಇದೆ ಎಂದು ಆ ದೇಶದ ತೆರಿಗೆ ಇಲಾಖೆ ವಾದಿಸಬಹುದು. ಆಗ ಕಂಪನಿಯ ಲಾಭಕ್ಕೂ ಅಲ್ಲಿ ಲೆಕ್ಕ ಕೊಡಬೇಕಾದೀತು. ಅದರ ಮೇಲೆ ಅಲ್ಲಿನ ಸಾಮಾಜಿಕ ವಿಮೆಯ ಕಂತು, ಗ್ರಾಹಕರ ಮಾಹಿತಿ ದೇಶದಾಚೆ ಹೋಗುವ ಪ್ರಶ್ನೆ.

ಸಾಮಾಜಿಕ ವಿಮೆಗೆ ಒಂದು ಪರಿಹಾರವಿದೆ. 1979ರ ಡಿಸೆಂಬರ್‌ನಿಂದ ಅಮೆರಿಕ–ಜರ್ಮನಿ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದೆ. ಅಮೆರಿಕದ ಕಂಪನಿ ತನ್ನ ಉದ್ಯೋಗಿಯನ್ನು ಐದು ವರ್ಷದೊಳಗಿನ ಅವಧಿಗೆ ಜರ್ಮನಿಗೆ ಕಳಿಸಿದರೆ, ಸೋಷಿಯಲ್ ಸೆಕ್ಯೂರಿಟಿ ಇಲಾಖೆಯಿಂದ ‘ಸರ್ಟಿಫಿಕೇಟ್ ಆಫ್ ಕವರೇಜ್’ ಪಡೆದು ಅಮೆರಿಕದಲ್ಲೇ ಕಂತು ಕಟ್ಟಿಕೊಂಡು ಹೋಗಬಹುದು. ನಿಮ್ಮನ್ನು ಕಂಪನಿ ಕಳಿಸುತ್ತಿಲ್ಲ, ನೀವೇ ಹೋಗುತ್ತಿದ್ದೀರಿ. ಹಾಗಾಗಿ ಈ ಪತ್ರ ನಿಮಗೆ ಸಿಕ್ಕೇ ಸಿಗುತ್ತದೆ ಎನ್ನಲಾಗದು; ಅರ್ಜಿ ಹಾಕಬೇಕಾದದ್ದೂ ವಿವರಿಸಬೇಕಾದದ್ದೂ ಕಂಪನಿ. ಎಚ್‌ಆರ್ ಜೊತೆ ಮಾತಾಡುವಾಗ ಈ ಪತ್ರದ ಹೆಸರು ಹೇಳಿ. ಏನು ಕೇಳಬೇಕೆಂದು ನಿಮಗೆ ಗೊತ್ತಿದೆ ಎಂದು ತಿಳಿದರೆ ಅವರ ಅರ್ಧ ಗಾಬರಿ ಇಳಿಯುತ್ತದೆ.

ವಿಪಿಎನ್ ಹಾಕಿಕೊಂಡು ಟೆಕ್ಸಾಸ್‌ನಲ್ಲೇ ಇರುವಂತೆ ತೋರಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಒಂದು. ಅದಕ್ಕಿಂತ ನನಗೆ ಹೆಚ್ಚು ಚಿಂತೆ, ನೀವು ಅಲ್ಲಿ ಇರುವುದೇ ಯಜಮಾನರ ಹೆಸರಿನ ಮೇಲೆ. ಆ ದೇಶದ ಕಾನೂನನ್ನು ಗೌರವಿಸುವುದು ಸೋಫಾ ಒಪ್ಪಂದದಲ್ಲೇ ಬರೆದ ಕರ್ತವ್ಯ, ಅವಲಂಬಿತರಿಗೂ ಸೇರಿ. ನಿಮ್ಮ ತಪ್ಪಿಗೆ ಅವರ ಕಮಾಂಡರ್ ಎದುರು ಅವರು ನಿಲ್ಲಬೇಕಾಗುತ್ತದೆ.

ಈಗ ತೆರಿಗೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಮೆರಿಕ ತನ್ನ ಪ್ರಜೆಗಳಿಗೂ ಗ್ರೀನ್ ಕಾರ್ಡ್‌ದಾರರಿಗೂ ಅವರು ಜಗತ್ತಿನಲ್ಲಿ ಎಲ್ಲೇ ದುಡಿದರೂ ತೆರಿಗೆ ಹಾಕುತ್ತದೆ. ಹೊರದೇಶದಲ್ಲಿ ದುಡಿದ ಆದಾಯಕ್ಕೆ ಒಂದು ವಿನಾಯಿತಿ ಇದೆ, ಫಾರ್ಮ್ 2555ರಲ್ಲಿ ಕೇಳುವುದು. ಸತತ 12 ತಿಂಗಳಲ್ಲಿ 330 ಪೂರ್ಣ ದಿನ ಅಮೆರಿಕದ ಹೊರಗಿರುವುದು ಅದಕ್ಕೆ ಅರ್ಹತೆ ಪಡೆಯುವ ಒಂದು ಬಗೆ. 2025ರ ಆದಾಯಕ್ಕೆ ಅದರ ಮಿತಿ 1,30,000 ಡಾಲರ್. ಸಂಬಳ ಕೊಡುವ ಕಂಪನಿ ಅಮೆರಿಕದ್ದಾದರೂ ಪರವಾಗಿಲ್ಲ, ಕೆಲಸ ಹೊರಗೆ ನಡೆದಿರಬೇಕು. ಆದರೆ ಯಜಮಾನರ ಸೇನೆಯ ಸಂಬಳಕ್ಕೆ ಇದು ಅನ್ವಯಿಸದು, ಏಕೆಂದರೆ ಸರ್ಕಾರ ತನ್ನ ನೌಕರರಿಗೆ ಕೊಡುವ ಸಂಬಳವನ್ನು ಇದರಿಂದ ಹೊರಗಿಟ್ಟಿದ್ದಾರೆ. ನೀವು ಕಂಪನಿ ಬಿಟ್ಟು ಫ್ರೀಲಾನ್ಸ್ ಮಾಡಿದರೆ ಆದಾಯ ತೆರಿಗೆ ಉಳಿದರೂ 15.3 ಶೇಕಡಾ ದರದ ಸ್ವಯಂ ಉದ್ಯೋಗ ತೆರಿಗೆ ಈ ವಿನಾಯಿತಿಯಿಂದ ಹೋಗುವುದಿಲ್ಲ.

ಜರ್ಮನಿಯ ಕಡೆಯಿಂದ ನೋಡಿದರೆ, ಸೇನೆಯ ಸಂಬಳಕ್ಕೆ ಸೋಫಾ ಒಪ್ಪಂದದ 10ನೇ ವಿಧಿಯ ರಕ್ಷಣೆ ಇದೆ. ಸೈನಿಕ ಅಲ್ಲಿ ಇರುವುದು ಕೇವಲ ಸೇವೆಯ ಕಾರಣಕ್ಕೆ ಎಂದಾದರೆ ಆ ಕಾಲವನ್ನು ತೆರಿಗೆಯ ಲೆಕ್ಕಕ್ಕೆ ವಾಸ ಎಂದು ಪರಿಗಣಿಸುವಂತಿಲ್ಲ. ಆ ‘ಕೇವಲ’ ಎಂಬ ಷರತ್ತಿನ ಮೇಲೆ ಕೆಲವು ಜರ್ಮನ್ ತೆರಿಗೆ ಕಚೇರಿಗಳು ಇತ್ತೀಚಿನ ವರ್ಷಗಳಲ್ಲಿ ಗಟ್ಟಿಯಾಗಿ ಪ್ರಶ್ನೆ ಎತ್ತಿವೆ. ಹೆಂಡತಿ ಜರ್ಮನ್ನಳೇ, ಅಲ್ಲಿ ಮನೆ ಕೊಂಡಿದ್ದೀರಾ, ಮಕ್ಕಳು ಜರ್ಮನ್ ಶಾಲೆಯಲ್ಲಿದ್ದಾರಾ, ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡಿದ್ದೀರಾ ಎಂದೆಲ್ಲ ಕೇಳಿ, ನೀವು ಸೇವೆಗಷ್ಟೇ ಅಲ್ಲ, ನೆಲೆಸಲು ಬಂದವರು ಎಂದು ವಾದಿಸಿದ ಪ್ರಕರಣಗಳಿವೆ. ನಿಮ್ಮ ಖಾಸಗಿ ಸಂಬಳವಂತೂ ಸೇನೆಯ ಸಂಬಳವಲ್ಲ. ಆ ರಕ್ಷಣೆ ತಾನಾಗಿ ನಿಮಗೂ ಬರುತ್ತದೆ ಎಂದು ಎಣಿಸಿಕೊಂಡು ಕೂರಬೇಡಿ. ನೆಲೆಯ ಲೀಗಲ್ ಆಫೀಸಿಗೆ ಇಮೇಲ್ ಬರೆಯುವಾಗ ಉದ್ಯೋಗದಾತ ಯಾರು, ಕೆಲಸದ ಬಗೆ ಏನು, ವಾರಕ್ಕೆ ಎಷ್ಟು ಗಂಟೆ, ಜರ್ಮನಿಯಲ್ಲಿ ಗ್ರಾಹಕರು ಇದ್ದಾರೋ ಇಲ್ಲವೋ ಎಂಬುದನ್ನು ಬಿಡಿಸಿ ಬರೆಯಿರಿ. “ರಿಮೋಟ್ ಕೆಲಸ ಮಾಡಬಹುದೇ” ಎಂದಷ್ಟೇ ಕೇಳಿದರೆ ಬರುವ ಉತ್ತರವೂ ಅಷ್ಟೇ ತೆಳ್ಳಗಿರುತ್ತದೆ.

ಬಾಡಿಗೆ, ಕರೆಂಟು ಬಿಲ್ಲಿಗೆಂದು ಅಲ್ಲಿ ಬ್ಯಾಂಕ್ ಖಾತೆ ತೆರೆದು, ವರ್ಷದಲ್ಲಿ ಯಾವಾಗಲಾದರೂ ಹೊರದೇಶದ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ಅದನ್ನು ಎಫ್‌ಬಿಎಆರ್ ಎಂಬ ಹೊರದೇಶದ ಖಾತೆಗಳ ವರದಿಯಲ್ಲಿ ಅಮೆರಿಕದ ಸರ್ಕಾರಕ್ಕೆ ತಿಳಿಸಬೇಕು. ಭಾರತದಲ್ಲಿ ನಿಮ್ಮ ಹೆಸರಿನ ಖಾತೆ, ಎಫ್‌ಡಿ ಇದ್ದರೆ ಅವೂ ಈ ಲೆಕ್ಕಕ್ಕೆ ಸೇರುತ್ತವೆ. ಇದನ್ನು ಮರೆಯುವವರು ಬಹಳ.

ಗಂಟೆಗಳ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಜರ್ಮನಿ ಡಲ್ಲಾಸ್‌ಗಿಂತ ಏಳು ಗಂಟೆ ಮುಂದೆ. ಡಲ್ಲಾಸ್‌ನ ಬೆಳಗಿನ ಒಂಬತ್ತು ಜರ್ಮನಿಯಲ್ಲಿರುವ ನಿಮಗೆ ಸಂಜೆ ನಾಲ್ಕು, ಡಲ್ಲಾಸ್‌ನ ಸಂಜೆ ಐದು ಗಂಟೆ ನಿಮಗೆ ನಡುರಾತ್ರಿ. ಮಕ್ಕಳು ಶಾಲೆಯಿಂದ ಬಂದು ಚೀಲ ಬಿಸಾಡಿ ತಿಂಡಿ ಕೇಳುವ ಹೊತ್ತಿಗೇ ನಿಮ್ಮ ಮೊದಲ ಮೀಟಿಂಗ್. ಯಜಮಾನರು ಸಮರಾಭ್ಯಾಸಕ್ಕೋ ನಿಯೋಜನೆಗೋ ವಾರಗಟ್ಟಲೆ ಹೊರಗಿದ್ದಾಗ ಸಂಜೆಯ ಅಡುಗೆ, ಹೋಂವರ್ಕ್, ಮಲಗಿಸುವುದು ಎಲ್ಲ ನಿಮ್ಮ ಕಚೇರಿ ಸಮಯದೊಳಗೇ ಬರುತ್ತದೆ. ಮಾರ್ಚ್‌ನಲ್ಲಿ ಅಮೆರಿಕ ಗಡಿಯಾರವನ್ನು ಯುರೋಪಿಗಿಂತ ಎರಡು ಮೂರು ವಾರ ಮುಂಚೆ ಮುಂದಕ್ಕೆ ತಿರುಗಿಸುತ್ತದೆ, ಆಗ ಅಂತರ ಆರು ಗಂಟೆಗೆ ಇಳಿಯುತ್ತದೆ. ಶರತ್ಕಾಲದಲ್ಲೂ ಒಂದು ವಾರ ಹಾಗೇ. ಕಂಪನಿಯ ಜೊತೆ ಮಾತಾಡುವಾಗ ದಿನಕ್ಕೆ ನಾಲ್ಕು ಗಂಟೆ ಮಾತ್ರ ಒಟ್ಟಿಗೆ ಇರುವ ಸಮಯ, ಉಳಿದದ್ದು ನಿಮ್ಮ ಬೆಳಗಿನಲ್ಲಿ ಎಂದು ಕೇಳಿ ನೋಡಿ. ಈ ಒಂದು ಏರ್ಪಾಡು ಆಗದಿದ್ದರೆ, ಕಾಗದಗಳೆಲ್ಲ ಸರಿಯಿದ್ದರೂ ಮೂರು ವರ್ಷ ಈ ಕೆಲಸ ಎಳೆಯುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ನೀವು ಕೇಳದಿದ್ದರೂ ಗ್ರೀನ್ ಕಾರ್ಡ್ ಬಗ್ಗೆ ಹೇಳಲೇಬೇಕು. ಸಾಮಾನ್ಯರು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾರ್ಡ್‌ಗೆ ಕುತ್ತು. ಸೈನಿಕನ ಜೊತೆ ಅಧಿಕೃತ ಆರ್ಡರ್ಸ್ ಮೇಲೆ ಹೋಗಿ ಅಲ್ಲಿ ಒಟ್ಟಿಗೆ ಬಾಳುವ ಹೆಂಡತಿಗೆ ಈ ನಿಯಮ ಹಾಗೇ ಅನ್ವಯಿಸುವುದಿಲ್ಲ. 2008ರ ಕಾನೂನಿನ ನಂತರ ಆ ವಾಸವನ್ನು ಪೌರತ್ವದ ಲೆಕ್ಕಕ್ಕೆ ಅಮೆರಿಕದಲ್ಲೇ ಇದ್ದಂತೆ ಎಣಿಸುತ್ತಾರೆ. ಮತ್ತೆ ಅದೇ ಮಾತು, ಆರ್ಡರ್ಸ್‌ನಲ್ಲಿ ನಿಮ್ಮ ಹೆಸರಿರಬೇಕು. ಯಜಮಾನರು ಅಮೆರಿಕದ ಪ್ರಜೆಯಾಗಿದ್ದು ಒಂದು ವರ್ಷಕ್ಕೆ ಕಡಿಮೆಯಿಲ್ಲದ ಹೊರದೇಶದ ನಿಯೋಜನೆ ಇರುವುದರಿಂದ, ವಲಸೆ ಕಾನೂನಿನ 319(ಬಿ) ಕಲಮಿನ ಕೆಳಗೆ ಮೂರು ವರ್ಷ ಕಾಯದೆ ಪೌರತ್ವ ಕೋರುವ ಎನ್-400 ಅರ್ಜಿ ಹಾಕಲು ನಿಮಗೆ ಅವಕಾಶ ಇರಬಹುದು. ಆ ದಾರಿಯಲ್ಲಿ ಸಂದರ್ಶನಕ್ಕೂ ಪ್ರಮಾಣವಚನಕ್ಕೂ ಅಮೆರಿಕದಲ್ಲೇ ಇರಬೇಕು, ಆದ್ದರಿಂದ ಹೊರಡುವ ಮೊದಲೇ ವಕೀಲರನ್ನು ಕಾಣಿ. ಪ್ರಮಾಣ ಸ್ವೀಕರಿಸಿದ ದಿನ ಭಾರತದ ಪೌರತ್ವ ಹೋಗುತ್ತದೆ, ಆಮೇಲೆ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಿಕೊಳ್ಳಬೇಕು ಎಂಬುದನ್ನು ಮನೆಯವರ ಜೊತೆ ಕೂತು ಯೋಚಿಸಿ. ಒಂದು ಎಚ್ಚರಿಕೆ: ತೆರಿಗೆ ಉಳಿಸಲೆಂದು ‘ಅಮೆರಿಕದ ನಿವಾಸಿ ಅಲ್ಲ’ ಎಂದು ರಿಟರ್ನ್ ಸಲ್ಲಿಸಿದರೆ ಗ್ರೀನ್ ಕಾರ್ಡನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ವಲಸೆ ಇಲಾಖೆಯವರು ಹೇಳಲು ದಾರಿಯಾಗುತ್ತದೆ.

ಜಪಾನಿಗೋ ಕೊರಿಯಾಗೋ ಹೊರಟವರು ಈ ಉತ್ತರವನ್ನು ಅಲ್ಲಿಗೆ ಒಯ್ಯಬೇಡಿ. ಜಪಾನಿನ ಒಪ್ಪಂದ 1960ರದು, ಅದರ ನಿಯಮವೇ ಬೇರೆ. ಕೊರಿಯಾದಲ್ಲಿ ಎ-3 ಎಂಬ ವೀಸಾ ವರ್ಗದ ಮೇಲೆ ಇರುತ್ತೀರಿ. ಅಲ್ಲಿನ ಕಂಪನಿಗೆ ಕೆಲಸ ಮಾಡುವ ಮುಂಚೆ ಆ ದೇಶದ ವಲಸೆ ಇಲಾಖೆಯ ಅನುಮತಿಯ ಪ್ರಶ್ನೆ ಬರುತ್ತದೆ. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ನೌಕರಿಯಲ್ಲಿರುವ ಹೆಂಡತಿ ಅಥವಾ ಗಂಡನಿಗೆ ‘ಡೀಟೋ’ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಹೊರದೇಶದಿಂದ ಟೆಲಿವರ್ಕ್ ಮಾಡಲು ಇಲಾಖೆಯೇ ಒಪ್ಪಂದ ಮಾಡಿಕೊಳ್ಳುತ್ತದೆ. 2023ರ ಜೂನ್‌ನ ಅಧ್ಯಕ್ಷರ ಆದೇಶವೊಂದು ಇದನ್ನು ಸುಗಮ ಮಾಡಲು ಹೇಳಿತು.

ಕಂಪನಿ ಒಲ್ಲೆ ಎಂದರೆ? ಕೈಸರ್ಸ್‌ಲೌಟರ್ನ್ ಸುತ್ತ ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್‌ನ ಸೇನಾ ಆಸ್ಪತ್ರೆ ಎಲ್ಲ ಸೇರಿ ಅಮೆರಿಕದ ಹೊರಗಿನ ಅತಿ ದೊಡ್ಡ ಅಮೆರಿಕನ್ ಸಮುದಾಯ ಇದೆ. ಸುಮಾರು 50,000 ಜನ. ಅಷ್ಟು ಜನಕ್ಕೆ ಬೇಕಾದ ಶಾಲೆ, ಶಿಶುವಿಹಾರ, ಕಮಿಸರಿ (ಸೇನೆಯ ದಿನಸಿ ಅಂಗಡಿ), ಎಕ್ಸ್‌ಚೇಂಜ್ ಅಂಗಡಿ, ಕಚೇರಿಗಳಲ್ಲಿ ಕೆಲಸಗಳಿವೆ. ನಿಮ್ಮ ಈಗಿನ ಸಂಬಳ ಅಲ್ಲಿ ಸಿಗದಿರಬಹುದು, ಆದರೆ ಅಂಥ ಕೆಲಸ ಸೋಫಾದ ಚೌಕಟ್ಟಿನೊಳಗೇ ಕೂರುತ್ತದೆ. ಸರ್ಕಾರಿ ಹುದ್ದೆಗಳಿಗೆ ಸೈನಿಕರ ಪತ್ನಿಯರನ್ನು ಸ್ಪರ್ಧೆಯಿಲ್ಲದೆ ನೇಮಿಸಿಕೊಳ್ಳಲು 2008ರ ಆದೇಶ 13473 ಅವಕಾಶ ಕೊಡುತ್ತದೆ. ಇವುಗಳಲ್ಲಿ ಎಷ್ಟೋ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು, ಹಾಗಾಗಿ ಎನ್-400 ವಿಷಯ ನಿಮ್ಮ ಉದ್ಯೋಗದ ವಿಷಯವೂ ಹೌದು. ಎಚ್‌ಆರ್‌ಗೆ ಪತ್ರ ಬರೆಯುವ ವಾರದಲ್ಲೇ ವಲಸೆ ವಕೀಲರ ಭೇಟಿಯ ಸಮಯವನ್ನೂ ಗೊತ್ತು ಮಾಡಿಕೊಳ್ಳಿ.